ಒಣಗಿದ ಹೊಲಿಗೆ ಐದು ವಾರದ ಮೇಲೆ ಮತ್ತೆ ಒಡೆದರೆ



ಹೃದಯದ ಡಾಕ್ಟರು ಹೊಟ್ಟೆಯ ಹೊಲಿಗೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನೀವು ಕೇಳಬಹುದು. ಕಾರಣವಿದೆ, ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿ ಕಡೆಯ ನಮ್ಮವರು ನನಗೆ ಕಳಿಸುವ ಫೋಟೋಗಳಲ್ಲಿ ಇಸಿಜಿ ಕಾಗದ ಬಿಟ್ಟರೆ ಹೆಚ್ಚು ಇರುವುದು ಗಾಯದ ಫೋಟೋ. ಅದರ ಕೆಳಗೆ ಒಂದು ಸಾಲು: "ಹೊಲಿಗೆ ಚೆನ್ನಾಗಿ ಒಣಗಿತ್ತು ಡಾಕ್ಟ್ರೇ, ಈಗ ಮತ್ತೆ ಕೀವು ಬರ್ತಾ ಇದೆ. ಯಾವ ಮಾತ್ರೆ ತಗೊಳ್ಳಲಿ?"

ಈ ಪ್ರಶ್ನೆಗೆ ಮಾತ್ರೆಯ ಹೆಸರು ಉತ್ತರವಲ್ಲ. ಆ ಕೀವನ್ನು ಯಾವ ಪರೀಕ್ಷೆಗೆ ಕಳಿಸಬೇಕು ಎಂಬುದೇ ಉತ್ತರ. ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಡೊಂಬಿವಲಿಯ ಒಬ್ಬ ತಾಯಿ ನನ್ನ ಹಳೆಯ ಪೇಷಂಟ್. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಚಿಕ್ಕಂದಿನಲ್ಲಿ ಬಂದ ಕೀಲುವಾತ ಜ್ವರದಿಂದ ಅವರ ಹೃದಯದ ಕವಾಟ ಹಾಳಾಗಿ, ಲೋಹದ ಕವಾಟ ಹಾಕಿಸಿಕೊಂಡು ವರ್ಷಗಳಾಗಿದ್ದವು. ರಕ್ತ ಹೆಪ್ಪುಗಟ್ಟದಂತೆ ದಿನಾ ಅಸಿಟ್ರೋಮ್ ಮಾತ್ರೆ, ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ. ಪಿತ್ತಕೋಶದಲ್ಲಿ ಕಲ್ಲು ಎಂದು ದುರ್ಬೀನಿನ ಆಪರೇಷನ್ ಆಯಿತು. ನಾಲ್ಕು ಸಣ್ಣ ತೂತು, ಮೂರನೇ ದಿನ ಮನೆಗೆ, ಹತ್ತನೇ ದಿನಕ್ಕೆ ಹೊಲಿಗೆ ತೆಗೆದದ್ದೂ ಆಯಿತು. ಎಲ್ಲ ಸರಿಯಾಗಿದೆ ಎಂದು ಕುಂದಾಪುರದ ಕಡೆ ಊರಿಗೆ ಪೂಜೆಗೆ ಹೋಗಿ ಬಂದರು.

ಐದನೇ ವಾರ ಹೊಕ್ಕುಳ ಪಕ್ಕದ ತೂತಿನಲ್ಲಿ ಕಡಲೆಕಾಳಿನಷ್ಟು ಗಂಟು. ಮುಟ್ಟಿದರೆ ಸ್ವಲ್ಪ ನೋವು. ಜ್ವರವಿಲ್ಲ, ಊಟ ಸರಿಯಾಗಿದೆ. ನಾಲ್ಕು ದಿನದ ಮೇಲೆ ಗಂಟು ಒಡೆದು ನೀರಿನಂಥ ಕೀವು. ಹತ್ತಿರದ ಡಾಕ್ಟರು ಐದು ದಿನದ ಆಂಟಿಬಯೋಟಿಕ್ ಕೊಟ್ಟರು. ಆಮೇಲೆ ಐಎನ್‌ಆರ್ ತೋರಿಸಲು ಬಂದಾಗ ನನಗೂ ತೋರಿಸಿದರು. ನಾನು ಏನು ಮಾಡಿದೆ? ಇನ್ನೂ ಏಳು ದಿನಕ್ಕೆ ಬೇರೊಂದು ಆಂಟಿಬಯೋಟಿಕ್ ಬರೆದೆ. ಗಾಯ ಯಾವಾಗ ಒಣಗಿತ್ತು, ಯಾವಾಗ ಒಡೆಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಸುಳಿವು ಇತ್ತು.

ಆ ಸುಳಿವು ಏನೆಂದರೆ ದಿನಗಳ ಲೆಕ್ಕ. ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಬರುವ ಸೋಂಕು ಬೇಗ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಗಾಯ ಕೆಂಪಾಗಿ, ಬಿಸಿಯಾಗಿ, ದಪ್ಪ ಹಳದಿ ಕೀವು ಬರುತ್ತದೆ, ಜ್ವರವೂ ಬರಬಹುದು. ಚರ್ಮದ ಮೇಲೆ ಸದಾ ಇರುವ ಸ್ಟಫಿಲೊಕಾಕಸ್, ಕರುಳಿನ ಇ. ಕೊಲೈ, ಆಸ್ಪತ್ರೆಯ ಸೂಡೊಮೊನಾಸ್, ಇಂಥವು ಕಾರಣ. ಕೀವು ತೆಗೆದು ಸರಿಯಾದ ಔಷಧ ಕೊಟ್ಟರೆ ಕೆಲವೇ ದಿನಗಳಲ್ಲಿ ಇಳಿಮುಖ ಆಗುತ್ತದೆ.

ನಾನು ಹೇಳುತ್ತಿರುವ ಇನ್ನೊಂದು ಬಗೆ ಅವಸರ ಮಾಡುವುದಿಲ್ಲ. ಗಾಯ ಮೊದಲು ಪೂರ್ತಿ ಒಣಗುತ್ತದೆ. ಮೂರು ವಾರ, ಆರು ವಾರ, ಕೆಲವೊಮ್ಮೆ ಕೆಲವು ತಿಂಗಳು ಕಳೆದ ಮೇಲೆ ಅದೇ ಜಾಗದಲ್ಲಿ ಗಂಟು ಏಳುತ್ತದೆ. ಮೇಲಿನ ಚರ್ಮ ಕೆಂಪಿಗಿಂತ ನೇರಳೆ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಒಡೆದರೆ ತೆಳು ನೀರು ಅಥವಾ ಬಿಳಿ ಸುಣ್ಣದಂಥದ್ದು ಬರುತ್ತದೆ. ಒಂದು ಬಾಯಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಜ್ವರ ಇರುವುದಿಲ್ಲ, ರಕ್ತ ಪರೀಕ್ಷೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಆಂಟಿಬಯೋಟಿಕ್ ಕೊಟ್ಟಾಗ ಸ್ವಲ್ಪ ತಗ್ಗಿದಂತೆ ಕಾಣುತ್ತದೆ, ನಿಲ್ಲಿಸಿದ ಕೂಡಲೇ ಮತ್ತೆ ಶುರು. ಜನ ಇದನ್ನು "ಹೊಲಿಗೆ ದಾರ ಒಳಗೇ ಉಳಿದಿದೆ" ಎನ್ನುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಪರೀಕ್ಷೆ ಮಾಡದೆ ಹಾಗೆ ಹೇಳುವಂತಿಲ್ಲ.

ಈ ಬ್ಯಾಕ್ಟೀರಿಯಾ ಕ್ಷಯರೋಗದ ಬ್ಯಾಕ್ಟೀರಿಯಾದ ದಾಯಾದಿ. ಕುಟುಂಬದ ಹೆಸರು ಮೈಕೋಬ್ಯಾಕ್ಟೀರಿಯಾ. ಟಿಬಿ ಮತ್ತು ಕುಷ್ಠ ತರುವವನ್ನು ಬಿಟ್ಟರೆ ಆ ಕುಟುಂಬದಲ್ಲಿ ಇನ್ನೂ ನೂರಕ್ಕೂ ಹೆಚ್ಚು ಬಗೆಗಳಿವೆ. ಅವನ್ನು ಒಟ್ಟಾಗಿ ಎನ್‌ಟಿಎಂ ಎನ್ನುತ್ತೇವೆ, ಅಂದರೆ ಟಿಬಿ ಅಲ್ಲದ ಮೈಕೋಬ್ಯಾಕ್ಟೀರಿಯಾ. ಆಪರೇಷನ್ ಗಾಯದಲ್ಲಿ ಹೆಚ್ಚಾಗಿ ಸಿಗುವ ಮೂರರ ಹೆಸರು ಫಾರ್ಚುಯಿಟಮ್, ಕಿಲೋನೆ, ಅಬ್ಸೆಸಸ್. ಕಿಲೋನೆ ಮೊದಲು ಸಿಕ್ಕಿದ್ದು 1903ರಲ್ಲಿ ಬರ್ಲಿನ್ ಅಕ್ವೇರಿಯಮ್ಮಿನ ಕಡಲಾಮೆಯಲ್ಲಿ. ಫಾರ್ಚುಯಿಟಮ್‌ಗೆ ಆ ಹೆಸರು ಬಂದದ್ದು 1938ರಲ್ಲಿ, ಬ್ರೆಜಿಲಿನಲ್ಲಿ ವಿಟಮಿನ್ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಕೀವಾದ ಒಬ್ಬರಿಂದ. "ಶಕ್ತಿ ಬರಲಿ" ಎಂದು ಸಿಕ್ಕ ಸಿಕ್ಕಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುವವರು ಇದನ್ನು ನೆನಪಿಟ್ಟರೆ ಒಳ್ಳೆಯದು!

ಇವುಗಳ ಮನೆ ನೀರು ಮತ್ತು ಮಣ್ಣು. ನಲ್ಲಿ, ಪೈಪು, ಬಿಲ್ಡಿಂಗಿನ ಮೇಲಿನ ಟಾಕಿ, ಟ್ಯಾಂಕರ್ ನೀರು, ಎಲ್ಲ ಕಡೆ ಇರಬಲ್ಲವು. ಇವುಗಳ ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇದೆ. ಅದರಿಂದಾಗಿ ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಇವನ್ನು ಸುಲಭವಾಗಿ ಕೊಲ್ಲುವುದಿಲ್ಲ. ಹೆದರಬೇಡಿ, ಅದೇ ನೀರನ್ನು ನಾವೆಲ್ಲ ಕುಡಿದು, ಸ್ನಾನ ಮಾಡಿ ಆರೋಗ್ಯವಾಗಿಯೇ ಇದ್ದೇವೆ. ಚರ್ಮದ ಗೋಡೆ ದಾಟಿ ಒಳಗಿನ ಕೊಬ್ಬಿನ ಪದರಕ್ಕೆ ಹೋದಾಗ ಮಾತ್ರ ತೊಂದರೆ.

ಒಳಗೆ ಹೋಗುವುದು ಹೇಗೆ? ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ವೈದ್ಯಕೀಯ ದಾಖಲೆಯಲ್ಲಿದೆ. 2006ರಲ್ಲಿ ಆಸ್ಪತ್ರೆ ಸೋಂಕುಗಳ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅಲ್ಲಿನ ವೈದ್ಯರು ಇದನ್ನು ಬರೆದರು. ಒಂದೇ ಆಸ್ಪತ್ರೆಯಲ್ಲಿ ಆರು ವಾರಗಳಲ್ಲಿ 145 ದುರ್ಬೀನಿನ ಆಪರೇಷನ್ ಆಗಿದ್ದವು. ಅದರಲ್ಲಿ 35 ಜನರ ತೂತುಗಳಲ್ಲಿ ಈ ಜಾತಿಯ ಸೋಂಕು. ಹುಡುಕುತ್ತಾ ಹೋದಾಗ ಮೂಲ ಸಿಕ್ಕಿತು. ಉಪಕರಣಗಳನ್ನು ರಾಸಾಯನಿಕದಲ್ಲಿ ಮುಳುಗಿಸಿ ಶುದ್ಧಮಾಡಿದ ಮೇಲೆ, ಆ ರಾಸಾಯನಿಕ ಹೋಗಲೆಂದು ತೊಳೆಯುತ್ತಿದ್ದ ನೀರಿನಲ್ಲೇ ಬ್ಯಾಕ್ಟೀರಿಯಾ ಇತ್ತು. ಶುದ್ಧವಾದದ್ದನ್ನು ತೊಳೆದು ಮತ್ತೆ ಅಶುದ್ಧ ಮಾಡಿದ ಹಾಗೆ. ಆ ವೈದ್ಯರು ಇದನ್ನು ಮುಚ್ಚಿಡದೆ ಜಗತ್ತಿಗೆ ಬರೆದು ತಿಳಿಸಿದ್ದು ದೊಡ್ಡ ಉಪಕಾರ ಎಂದು ನನ್ನ ಅಭಿಪ್ರಾಯ.

ದುರ್ಬೀನಿನ ಉಪಕರಣ ತೆಳ್ಳಗೆ, ಉದ್ದ. ತುದಿಯಲ್ಲಿ ಕೀಲುಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಆ ಸಂದಿಗಳಲ್ಲಿ ರಕ್ತ, ಕೊಬ್ಬು ಸಿಕ್ಕಿಕೊಳ್ಳುತ್ತದೆ. ಬಿಸಿ ಹಬೆಯ ಆಟೋಕ್ಲೇವ್ ತಡೆಯದ ಉಪಕರಣಗಳನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸುವ ರೂಢಿ ಇದೆ. ಇಪ್ಪತ್ತು ನಿಮಿಷ ಮುಳುಗಿಸಿದರೆ ಹೆಚ್ಚಿನ ರೋಗಾಣು ಸಾಯುತ್ತವೆ, ಆದರೆ ಪೂರ್ತಿ ನಿರ್ಜೀವ ಆಗಬೇಕಾದರೆ ಅದೇ ದ್ರಾವಣದಲ್ಲಿ ಎಂಟು-ಹತ್ತು ಗಂಟೆ ಬೇಕು. ದಿನಕ್ಕೆ ಆರೇಳು ಆಪರೇಷನ್ ಇರುವ ಕಡೆ ಒಂದೇ ಸೆಟ್ ಇದ್ದರೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? 2006–07ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ರಾಜ್ಯದ 63 ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಕಂಡವು. ಅಲ್ಲಿನ ಬ್ಯಾಕ್ಟೀರಿಯಾ ಶೇಕಡಾ 2ರ ಗ್ಲುಟರಾಲ್ಡಿಹೈಡನ್ನೂ ತಡೆದುಕೊಂಡು ಬದುಕುತ್ತಿತ್ತು.

ಹಾಗೆಂದು ದುರ್ಬೀನಿನ ಆಪರೇಷನ್ ಬೇಡ ಎನ್ನಬೇಡಿ. ಬಹುಪಾಲು ಜನರಿಗೆ ಅದೇ ಒಳ್ಳೆಯದು, ಈ ತೊಂದರೆ ಅಪರೂಪ. ಆದರೆ ಆಪರೇಷನ್ ಮೊದಲು "ಉಪಕರಣಗಳನ್ನು ಆಟೋಕ್ಲೇವ್ ಮಾಡುತ್ತೀರಾ, ಗ್ಯಾಸಿನಲ್ಲಿಡುತ್ತೀರಾ, ದ್ರಾವಣದಲ್ಲಿ ಮುಳುಗಿಸುತ್ತೀರಾ" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೀವು ಲ್ಯಾಬಿಗೆ ಹೋದರೂ ಇದು ಯಾಕೆ ಸಿಗುವುದಿಲ್ಲ?

ಆ ತಾಯಿಯ ಕೀವನ್ನು ಕೊನೆಗೂ ಕಲ್ಚರಿಗೆ ಕಳಿಸಿದಾಗ ಎರಡು ದಿನದಲ್ಲಿ ರಿಪೋರ್ಟ್ ಬಂತು: "ನೋ ಗ್ರೋತ್". ಅಂದರೆ ಏನೂ ಬೆಳೆದಿಲ್ಲ. ಮಗ ಖುಷಿಯಾಗಿ ಫೋನ್ ಮಾಡಿದರು, "ಇನ್‌ಫೆಕ್ಷನ್ ಇಲ್ವಂತೆ ಡಾಕ್ಟ್ರೇ!" ನಿಜ ಹಾಗಿರಲಿಲ್ಲ. ಲ್ಯಾಬಿನವರು ಕೀವನ್ನು ತಟ್ಟೆಯ ಮೇಲೆ ಸವರಿ ಬೆಚ್ಚಗೆ ಇಡುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲೇ ಬೆಳೆದು ಕಾಣುತ್ತದೆ. ಎರಡು ದಿನ ನೋಡಿ, ಏನೂ ಇಲ್ಲದಿದ್ದರೆ ತಟ್ಟೆ ಎಸೆದು ರಿಪೋರ್ಟ್ ಕೊಡುವುದು ರೂಢಿ. ನಾವು ಹುಡುಕುತ್ತಿರುವ ಬ್ಯಾಕ್ಟೀರಿಯಾಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ಮೂರರಿಂದ ಏಳು ದಿನ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ದೋಸೆ ಹಿಟ್ಟು ರುಬ್ಬಿ ಅರ್ಧ ಗಂಟೆಗೆ ಮುಚ್ಚಳ ತೆಗೆದು "ಹುಳಿ ಬರಲೇ ಇಲ್ಲ" ಎಂದು ಚೆಲ್ಲಿದ ಹಾಗಾಯಿತು.

ಲ್ಯಾಬಿನವರ ತಪ್ಪೂ ಅಲ್ಲ. ಚೀಟಿಯಲ್ಲಿ "ಪಸ್ ಕಲ್ಚರ್" ಎಂದಷ್ಟೇ ಇದ್ದರೆ ಅವರು ಅಷ್ಟೇ ಮಾಡುತ್ತಾರೆ. ಈ ಜಾತಿ ಸಿಗಬೇಕಾದರೆ ಚೀಟಿಯ ಮೇಲೆ "ಎಎಫ್‌ಬಿ ಸ್ಮಿಯರ್ ಮತ್ತು ಎಎಫ್‌ಬಿ ಕಲ್ಚರ್, ಎನ್‌ಟಿಎಂ ಸಂಶಯ" ಎಂದು ಬರೆದಿರಬೇಕು. ಸ್ಮಿಯರ್ ಎಂದರೆ ಕೀವನ್ನು ಗಾಜಿನ ಮೇಲೆ ಸವರಿ ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಆಮೇಲೆ ಆಮ್ಲದಿಂದ ತೊಳೆಯುವುದು. ಬೇರೆ ಬ್ಯಾಕ್ಟೀರಿಯಾದ ಬಣ್ಣ ಹೋಗುತ್ತದೆ. ಮೇಣದ ಹೊದಿಕೆಯಿರುವ ಈ ಕುಟುಂಬದ್ದು ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಇದು ಸಿಕ್ಕರೆ ಒಂದೇ ದಿನದಲ್ಲಿ ಸುಳಿವು. ಆದರೆ ಕೀವಿನಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುವುದರಿಂದ ಎಷ್ಟೋ ಸಲ ಸ್ಮಿಯರ್ ನೆಗೆಟಿವ್ ಬರುತ್ತದೆ. ಅದನ್ನು ನೋಡಿ ಬಿಡಬಾರದು, ಕಲ್ಚರಿಗೆ ಕಾಯಬೇಕು. ಕೆಲವು ಜಾತಿಗಳು ಮೈಬಿಸಿಗಿಂತ ತಂಪಾದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದ್ದರಿಂದ ಚರ್ಮದ ಗಾಯದಿಂದ ತೆಗೆದದ್ದು ಎಂದು ಲ್ಯಾಬಿಗೆ ಗೊತ್ತಿರಬೇಕು.

ಮಾದರಿ ತೆಗೆಯುವುದರಲ್ಲೂ ಎಡವಟ್ಟು ಆಗುತ್ತದೆ. ಹತ್ತಿ ಕಡ್ಡಿಯಲ್ಲಿ ಮೇಲೆ ಮೇಲೆ ಒರೆಸಿದರೆ ಚರ್ಮದ ಬ್ಯಾಕ್ಟೀರಿಯಾ ಮಾತ್ರ ಸಿಗುತ್ತದೆ. ಒಳಗಿನ ಕೀವನ್ನು ಸಿರಿಂಜಿನಲ್ಲಿ ಎಳೆಯಬೇಕು, ಇಲ್ಲವೇ ಗಂಟಿನ ಒಂದು ತುಂಡು ಮಾಂಸ ತೆಗೆಯಬೇಕು. ಪೇಷಂಟ್ ಸ್ಥಿತಿ ಚೆನ್ನಾಗಿದ್ದರೆ ಮಾದರಿ ತೆಗೆಯುವವರೆಗೆ ಹೊಸ ಆಂಟಿಬಯೋಟಿಕ್ ಶುರುಮಾಡದಿರುವುದು ಒಳ್ಳೆಯದು. ನಾನು ಬರೆದ ಏಳು ದಿನದ ಮಾತ್ರೆ ಇಲ್ಲೇ ತೊಂದರೆ ಕೊಟ್ಟಿತು. ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ, ಲ್ಯಾಬಿನಲ್ಲಿ ಸಿಗದಂತೆ ಅಡಗಿಸಿತು.

ಇದಕ್ಕಿಂತ ದೊಡ್ಡ ಎಡವಟ್ಟು ಫಾರ್ಮಾಲಿನ್ ಡಬ್ಬಿ. ಆ ತಾಯಿಗೆ ಸರ್ಜನ್ ಗಂಟನ್ನು ಕತ್ತರಿಸಿ ತೆಗೆದರು. ತೆಗೆದದ್ದೆಲ್ಲ ಬಯಾಪ್ಸಿಗೆಂದು ಫಾರ್ಮಾಲಿನ್‌ನಲ್ಲಿ ಹೋಯಿತು. ಫಾರ್ಮಾಲಿನ್ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಸಾಯುತ್ತದೆ. ಸತ್ತದ್ದು ಕಲ್ಚರಿನಲ್ಲಿ ಬೆಳೆಯುವುದಿಲ್ಲ. ತುಂಡನ್ನು ಎರಡು ಮಾಡಬೇಕಿತ್ತು: ಒಂದು ಫಾರ್ಮಾಲಿನ್‌ನಲ್ಲಿ ಬಯಾಪ್ಸಿಗೆ, ಇನ್ನೊಂದು ಶುದ್ಧ ಡಬ್ಬಿಯಲ್ಲಿ ಸ್ವಲ್ಪ ಸಲೈನ್ ಹಾಕಿ ಕಲ್ಚರಿಗೆ. ಎಷ್ಟೋ ಸಲ ಡಬ್ಬಿ ಹಿಡಿದು ಲ್ಯಾಬಿಗೆ ಓಡುವವರು ಮನೆಯವರೇ. ಡಬ್ಬಿ ಕೈಗೆ ಬಂದಾಗ "ಇದು ಫಾರ್ಮಾಲಿನ್ನಾ? ಕಲ್ಚರಿಗೆ ಬೇರೆ ಇಟ್ಟಿದ್ದೀರಾ?" ಎಂದು ಕೇಳಿ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಬಯಾಪ್ಸಿ ಬಂತು: "ಗ್ರಾನ್ಯುಲೋಮಾ ಇದೆ, ಟಿಬಿ ಇರಬಹುದು." ಗ್ರಾನ್ಯುಲೋಮಾ ಎಂದರೆ ಕೊಲ್ಲಲಾಗದ ಶತ್ರುವಿನ ಸುತ್ತ ನಮ್ಮ ದೇಹ ಕಟ್ಟುವ ಕೋಟೆ. ಟಿಬಿಯಲ್ಲೂ ಕಟ್ಟುತ್ತದೆ, ಈ ದಾಯಾದಿಯಲ್ಲೂ ಕಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನಮ್ಮ ದೇಶದಲ್ಲಿ ಟಿಬಿ ಅಷ್ಟು ಸಾಮಾನ್ಯವಾದ್ದರಿಂದ ಡಾಕ್ಟರ ಮನಸ್ಸು ಅತ್ತಲೇ ಹೋಗುತ್ತದೆ. ಇಲ್ಲೆಲ್ಲ ಎಕೆಟಿ ಎನ್ನುತ್ತಾರಲ್ಲ, ಆ ಟಿಬಿ ಮಾತ್ರೆ ಶುರುವಾಯಿತು. ಆದರೆ ಬೇಗ ಬೆಳೆಯುವ ಈ ಮೂರು ಜಾತಿಗಳ ಮೇಲೆ ಟಿಬಿಯ ಮುಖ್ಯ ಮಾತ್ರೆಗಳು ಕೆಲಸ ಮಾಡುವುದಿಲ್ಲ. ತಿಂಗಳಾದರೂ ಗಾಯ ಸೋರುತ್ತಲೇ ಇತ್ತು.

ಇಲ್ಲಿಂದ ಇದು ನನ್ನ ಹೃದಯದ ಕ್ಲಿನಿಕ್ಕಿನ ಸಮಸ್ಯೆಯಾಯಿತು. ಟಿಬಿ ಮಾತ್ರೆಗಳಲ್ಲಿ ರಿಫಾಂಪಿಸಿನ್ ಎಂಬುದೊಂದಿದೆ, ಮೂತ್ರವನ್ನು ಕೇಸರಿ ಬಣ್ಣಕ್ಕೆ ತಿರುಗಿಸುವುದು ಅದೇ. ಅದು ಯಕೃತ್ತನ್ನು ಚುರುಕುಗೊಳಿಸಿ ಅಸಿಟ್ರೋಮ್, ವಾರ್ಫರಿನ್‌ಗಳನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಆ ತಾಯಿಯ ಐಎನ್‌ಆರ್ ಮೂರರ ಹತ್ತಿರ ಇರಬೇಕಾದದ್ದು 1.4ಕ್ಕೆ ಇಳಿದಿತ್ತು. ಲೋಹದ ಕವಾಟ ಇರುವವರಿಗೆ ಅದು ಅಪಾಯದ ಅಂಕಿ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟ ಸಿಕ್ಕಿಕೊಳ್ಳಬಹುದು, ತುಣುಕು ಮೆದುಳಿಗೆ ಹೋದರೆ ಲಕ್ವ. ಹೊಕ್ಕುಳ ಪಕ್ಕದ ಕಡಲೆಕಾಳಿನಷ್ಟು ಗಂಟಿಗೆ ತಪ್ಪು ಹೆಸರು ಕೊಟ್ಟದ್ದು ಹೃದಯದ ತನಕ ಬಂದು ನಿಂತಿತ್ತು. ಪುಣ್ಯಕ್ಕೆ ತಿಂಗಳ ಪರೀಕ್ಷೆ ತಪ್ಪಿಸದ ಪೇಷಂಟ್ ಅವರು.

ಪಕ್ಕದಲ್ಲಿ ಎದ್ದಿದ್ದ ಇನ್ನೊಂದು ಗಂಟಿನಿಂದ ಮತ್ತೆ ಕೀವು ತೆಗೆಸಿದೆವು. ಈ ಸಲ ಸಿರಿಂಜಿನಲ್ಲಿ, ಸರಿಯಾದ ಚೀಟಿಯೊಂದಿಗೆ, ಮುಂಬಯಿಯ ಟಿಬಿ ಕಲ್ಚರ್ ಲ್ಯಾಬಿಗೆ. ಆರನೇ ದಿನ ಫೋನ್ ಬಂತು, ಬೆಳೆದಿದೆ ಎಂದು. ಅದು ಟಿಬಿ ಅಲ್ಲ ಎಂದು ಒಂದು ಸಣ್ಣ ಕಾರ್ಡ್ ಪರೀಕ್ಷೆಯಲ್ಲೇ ತಿಳಿಯಿತು. ಯಾವ ಜಾತಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲು ಇನ್ನೆರಡು ವಾರಕ್ಕೂ ಹೆಚ್ಚು ಬೇಕಾಯಿತು. ಈ ಕಾಯುವಿಕೆ ವ್ಯರ್ಥವಲ್ಲ. ಫಾರ್ಚುಯಿಟಮ್‌ಗೆ ಕೆಲಸ ಮಾಡುವ ಔಷಧ ಅಬ್ಸೆಸಸ್‌ಗೆ ಮಾಡದೇ ಇರಬಹುದು. ಅಬ್ಸೆಸಸ್ ಅಂತೂ ಮೊದಲ ದಿನಗಳಲ್ಲಿ ಕ್ಲಾರಿಥ್ರೋಮೈಸಿನ್‌ಗೆ ಬಗ್ಗಿದಂತೆ ನಟಿಸಿ ಆಮೇಲೆ ತಿರುಗಿ ಬೀಳುವ ಜಾತಿ. ಅದಕ್ಕೇ ಲ್ಯಾಬಿನವರು ಅದನ್ನು ಆ ಔಷಧದ ಜೊತೆ ಹದಿನಾಲ್ಕು ದಿನ ಇಟ್ಟು ನೋಡುತ್ತಾರೆ.

ಇಂಥ ಕಲ್ಚರ್ ಮಾಡುವ ಲ್ಯಾಬು ನಮ್ಮ ಕಡೆಯವರಿಗೆ ದೂರವೇನಿಲ್ಲ. ಮಾಹಿಮಿನ ಹಿಂದೂಜಾ ಆಸ್ಪತ್ರೆ, ಭಾಯಖಳಾದ ಸರ್ಕಾರಿ ಜೆ.ಜೆ. ಆಸ್ಪತ್ರೆಗಳಲ್ಲಿ ಟಿಬಿ ಕಲ್ಚರ್ ಲ್ಯಾಬುಗಳಿವೆ. ದೊಡ್ಡ ಖಾಸಗಿ ಲ್ಯಾಬುಗಳ ಸಂಗ್ರಹ ಕೇಂದ್ರ ಡೊಂಬಿವಲಿ, ಕಲ್ಯಾಣ ಸ್ಟೇಷನ್ ಬಳಿಯೂ ಇವೆ. ಅವರು ಮಾದರಿಯನ್ನು ಮುಖ್ಯ ಲ್ಯಾಬಿಗೆ ಕಳಿಸುತ್ತಾರೆ. ಟಿಬಿ ಸಂಶಯ ಇದ್ದರೆ ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಪರೀಕ್ಷೆ ಉಚಿತ. ಒಂದು ಎಚ್ಚರಿಕೆ: ಎರಡು ಗಂಟೆಯಲ್ಲಿ ಉತ್ತರ ಕೊಡುವ ಸಿಬಿನ್ಯಾಟ್ ಯಂತ್ರ ಟಿಬಿಯನ್ನು ಮಾತ್ರ ಹುಡುಕುತ್ತದೆ. ಅದು ನೆಗೆಟಿವ್ ಬಂದರೆ "ಟಿಬಿ ಸಿಗಲಿಲ್ಲ" ಎಂದಷ್ಟೇ ಅರ್ಥ. ದಾಯಾದಿ ಇಲ್ಲ ಎಂದಲ್ಲ.

ನಿಜವಾದ ಟಿಬಿಯೂ ಗಾಯದಲ್ಲಿ ಬರುವುದುಂಟು. ಆದ್ದರಿಂದ ಈಗ ಟಿಬಿ ಮಾತ್ರೆ ತಿನ್ನುತ್ತಿರುವವರು ಇದನ್ನು ಓದಿ ನೀವೇ ನಿಲ್ಲಿಸಬೇಡಿ. "ಕಲ್ಚರ್ ಆಗಿದೆಯೇ, ಏನು ಬಂತು" ಎಂದು ಡಾಕ್ಟರನ್ನು ಕೇಳಿ, ಅಷ್ಟೇ.

ನಾವು ಊರು ಬಿಟ್ಟು ಬಂದವರು. ಅದಕ್ಕೇ ಇನ್ನೊಂದು ವಿಷಯ ಹೇಳಬೇಕು. ಆಪರೇಷನ್ ಆದ ಮೇಲೆ "ಊರಲ್ಲಿ ಆರಾಮ ಮಾಡ್ತೀನಿ" ಎಂದು ಉಡುಪಿ, ಮಂಗಳೂರು ಕಡೆ ಹೋಗುವವರು ಬಹಳ. ಮಳೆಗಾಲದಲ್ಲಿ ಕರಾವಳಿಯ ಗದ್ದೆ ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಬರ್ಖೋಲ್ಡೇರಿಯಾ ಎಂಬ ಬೇರೊಂದು ಬ್ಯಾಕ್ಟೀರಿಯಾ ಇರುತ್ತದೆ. ಅದರ ಕಾಯಿಲೆಗೆ ಮೆಲಿಯಾಯ್ಡೋಸಿಸ್ ಎನ್ನುತ್ತಾರೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು ಇದರ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಇದು ಹೆಚ್ಚಾಗಿ ಸಕ್ಕರೆ ಕಾಯಿಲೆ ಇರುವವರನ್ನು ಹಿಡಿಯುತ್ತದೆ. ಒಡೆದ ಚರ್ಮದಿಂದ ಒಳಗೆ ಹೋಗಿ ಗಾಯದಲ್ಲಿ ಕೀವು ಮಾಡಬಹುದು, ಶ್ವಾಸಕೋಶ, ಯಕೃತ್ತು, ಗುಲ್ಮದಲ್ಲೂ ಮಾಡಬಹುದು. ಎನ್‌ಟಿಎಂ ಹಾಗೆ ನಿಧಾನವೇ ಇರುತ್ತದೆ ಎಂದಿಲ್ಲ. ರಕ್ತಕ್ಕೆ ಸೇರಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ.

ಇದು ಲ್ಯಾಬಿನಲ್ಲಿ ಸುಲಭವಾಗಿ ಬೆಳೆಯುತ್ತದೆ, ಆದರೆ ಗುರುತು ತಪ್ಪುತ್ತದೆ. "ಸೂಡೊಮೊನಾಸ್" ಎಂದೋ, ಹೊರಗಿನಿಂದ ಸೇರಿದ ಕಲಬೆರಕೆ ಎಂದೋ ರಿಪೋರ್ಟ್ ಬರುತ್ತದೆ. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದ, ಆದರೆ ಸೆಫ್ಟಾಜಿಡಿಮ್‌ಗೆ ಬಗ್ಗುವ "ಸೂಡೊಮೊನಾಸ್" ಕಂಡರೆ ಅನುಭವಿ ಮೈಕ್ರೋಬಯಾಲಜಿಸ್ಟ್ ಕಿವಿ ನಿಮಿರಿಸುತ್ತಾರೆ. ಆದರೆ ಥಾಣೆಯ ಡಾಕ್ಟರಿಗೆ ನೀವು ಜುಲೈಯಲ್ಲಿ ಕಾರ್ಕಳದ ಗದ್ದೆಗೆ ಇಳಿದದ್ದು ಹೇಗೆ ಗೊತ್ತಾಗಬೇಕು? ಆ ಮಾತು ನಿಮ್ಮಿಂದಲೇ ಬರಬೇಕು. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರೂ ಗಾಯದ ಮೇಲೆ ಮಣ್ಣು, ಸಿಮೆಂಟ್ ನೀರು ಬಿದ್ದಿದ್ದರೆ ಹೇಳಬೇಕು.

ಎನ್‌ಟಿಎಂಗೆ ಚಿಕಿತ್ಸೆ ಇದೆ, ಬಹಳ ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಐದು ದಿನದ ಕೋರ್ಸ್ ಅಲ್ಲ. ಸೋಂಕಿನ ಭಾಗವನ್ನು ಸರ್ಜನ್ ಕತ್ತರಿಸಿ ತೆಗೆಯಬೇಕಾಗಬಹುದು. ಒಳಗೆ ಹರ್ನಿಯಾ ಜಾಲರಿ ಇದ್ದು ಅದಕ್ಕೂ ತಗುಲಿದ್ದರೆ ಅದನ್ನೂ ತೆಗೆಯಬೇಕಾಗುತ್ತದೆ. ಜೊತೆಗೆ ಎರಡು ಅಥವಾ ಹೆಚ್ಚು ಔಷಧ, ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು. ಕ್ಲಾರಿಥ್ರೋಮೈಸಿನ್, ಅಮಿಕಾಸಿನ್ ಇಂಜೆಕ್ಷನ್, ಲಿನೆಝೊಲಿಡ್, ಡಾಕ್ಸಿಸೈಕ್ಲಿನ್, ಇಂಥವುಗಳಲ್ಲಿ ಯಾವುದು ಎಂದು ಕಲ್ಚರ್ ರಿಪೋರ್ಟ್ ಹೇಳುತ್ತದೆ. ಮೆಡಿಕಲ್ ಸ್ಟೋರಿಗೆ ಹೋಗಿ ಈ ಹೆಸರು ಹೇಳಿ ತರಬೇಡಿ. ಅಮಿಕಾಸಿನ್ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲದು, ಲಿನೆಝೊಲಿಡ್ ರಕ್ತಕಣ ಇಳಿಸಬಲ್ಲದು.

ಹೃದಯದ ಮಾತ್ರೆ ತಿನ್ನುವವರು ಇನ್ನೂ ಜಾಗ್ರತೆ. ಕ್ಲಾರಿಥ್ರೋಮೈಸಿನ್ ರಿಫಾಂಪಿಸಿನ್‌ಗೆ ಪೂರ್ತಿ ಉಲ್ಟಾ: ಅಸಿಟ್ರೋಮ್, ವಾರ್ಫರಿನ್‌ಗಳ ಪ್ರಭಾವ ಹೆಚ್ಚಿಸಿ ರಕ್ತಸ್ರಾವ ತರಬಹುದು. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್, ಸಿಂವಾಸ್ಟಾಟಿನ್ ಜೊತೆ ಸೇರಿದರೆ ಮಾಂಸಖಂಡ ಹಾಳಾಗಬಹುದು. ಡಿಗಾಕ್ಸಿನ್ ಮಟ್ಟ ಏರಬಹುದು. ಕೆಲವರಲ್ಲಿ ಹೃದಯ ಬಡಿತದ ಲಯವೇ ತಪ್ಪುತ್ತದೆ, ಅದಕ್ಕೆ ಮೊದಲೂ ಆಮೇಲೂ ಇಸಿಜಿ ನೋಡುತ್ತೇವೆ. ಆ ತಾಯಿಗೆ ರಿಫಾಂಪಿಸಿನ್‌ಗಾಗಿ ಏರಿಸಿದ್ದ ಅಸಿಟ್ರೋಮ್ ಪ್ರಮಾಣವನ್ನು ಈಗ ವಾರಕ್ಕೆರಡು ಬಾರಿ ಐಎನ್‌ಆರ್ ನೋಡುತ್ತ ಇಳಿಸಬೇಕಾಯಿತು. ಆರು ತಿಂಗಳು ಚಿಕಿತ್ಸೆ ನಡೆಯಿತು. ಈಗ ಹೊಕ್ಕುಳ ಪಕ್ಕ ಒಂದು ಕಲೆ ಮಾತ್ರ ಇದೆ. ಕವಾಟ ಟಿಕ್ ಟಿಕ್ ಎಂದು ಸರಿಯಾಗಿ ನಡೆಯುತ್ತಿದೆ.

ಪೇಸ್‌ಮೇಕರ್ ಇರುವವರಿಗೆ ಒಂದು ಮಾತು. ಅದನ್ನಿಟ್ಟ ಎದೆಯ ಜಾಗ ತಿಂಗಳ ಮೇಲೆ ಊದಿದರೆ, ಚರ್ಮ ತೆಳುವಾಗಿ ಹೊಳೆದರೆ, ತೇವ ಕಂಡರೆ ಮುಲಾಮು ಹಚ್ಚಿ ಕಾಯಬೇಡಿ. ಯಾರಿಂದಲೂ ಅಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಡಿ, ಪೇಸ್‌ಮೇಕರ್ ಹಾಕಿದ ತಂಡದ ಬಳಿಯೇ ಹೋಗಿ. ಎದೆ ತೆರೆದು ಹೃದಯದ ಆಪರೇಷನ್ ಆದವರಲ್ಲಿ ಕಿಮೇರಾ ಎಂಬ ಮತ್ತೊಂದು ದಾಯಾದಿ ಬಹಳ ಅಪರೂಪಕ್ಕೆ ಕಂಡಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವೈದ್ಯರು ಹುಡುಕಿದಾಗ, ಆಪರೇಷನ್ ಹೊತ್ತಿನಲ್ಲಿ ರಕ್ತವನ್ನು ಬಿಸಿ-ತಂಪು ಮಾಡುವ ಯಂತ್ರದ ನೀರಿನ ತೊಟ್ಟಿಯಿಂದ ಅದು ಗಾಳಿಗೆ ಸೇರುತ್ತಿತ್ತು. ಅದು ಆಪರೇಷನ್ ಆಗಿ ಒಂದು, ಎರಡು ವರ್ಷ ಅಥವಾ ಇನ್ನೂ ತಡವಾಗಿ ಕಾಣಿಸಿಕೊಳ್ಳುತ್ತದೆ. ತಿಂಗಳಗಟ್ಟಲೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಹಳೆಯ ಹೃದಯ ಆಪರೇಷನ್ ವಿಷಯ ಹೇಳಲು ಮರೆಯಬೇಡಿ.

ಎನ್‌ಟಿಎಂ ಗಾಯ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ. ತಟ್ಟೆ ಲೋಟ ಬೇರೆ ಮಾಡುವುದು, ಸೊಸೆಯನ್ನು ಅಡುಗೆಮನೆಯಿಂದ ದೂರ ಇಡುವುದು, ಇದೆಲ್ಲ ಬೇಡ. ಆದರೆ ಗಾಯ ಪೂರ್ತಿ ಮುಚ್ಚುವವರೆಗೆ ಟಾಕಿ ನೀರು ಅದಕ್ಕೆ ನೇರ ತಗಲದಂತೆ ನೋಡಿಕೊಳ್ಳಿ. ಅರಿಶಿನ, ಕಾಫಿ ಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಸಕ್ಕರೆ ಹಿಡಿತದಲ್ಲಿರಲಿ.

ಇನ್ನು ಕಾಗದಪತ್ರದ ಮಾತು. ಆಪರೇಷನ್ ಊರಲ್ಲಿ, ಡ್ರೆಸಿಂಗ್ ದಿವಾದಲ್ಲಿ, ಸ್ಪೆಷಲಿಸ್ಟ್ ವಾಶಿಯಲ್ಲಿ, ಇದು ನಮ್ಮವರ ಪಾಡು. ಒಬ್ಬ ಡಾಕ್ಟರಿಗೂ ಪೂರ್ತಿ ಕಥೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾರ್ಡಿನ ಫೋಟೋ ಮೊಬೈಲಿನಲ್ಲಿ ಇರಲಿ. ಗಾಯದ ಫೋಟೋವನ್ನು ವಾರಕ್ಕೊಂದು ತೆಗೆಯಿರಿ, ತಾರೀಕು ಫೋನೇ ಹಾಕಿಕೊಳ್ಳುತ್ತದೆ. ತಿಂದ ಪ್ರತಿ ಆಂಟಿಬಯೋಟಿಕ್‌ನ ಖಾಲಿ ಪಟ್ಟಿ ಎಸೆಯಬೇಡಿ, ಹೆಸರು ನೆನಪಿರುವುದಿಲ್ಲ. ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆದ ಬೇರೆಯವರಿಗೂ ಹೀಗೆ ಆಗಿದ್ದರೆ ಸರ್ಜನ್‌ಗೆ ಸಮಾಧಾನದಿಂದ ತಿಳಿಸಿ, ಜಗಳಕ್ಕಲ್ಲ. ಎರಡು ಮೂರು ಪ್ರಕರಣ ಒಟ್ಟಿಗೆ ಕಂಡಾಗಲೇ ನೀರಿನ ಮೂಲ ಹುಡುಕಲು ಸಾಧ್ಯ.

ಜೋರು ಜ್ವರ, ಚಳಿ, ಗಾಯದ ಸುತ್ತ ಗಂಟೆ ಗಂಟೆಗೆ ಹರಡುವ ಕೆಂಪು, ಚರ್ಮ ಕಪ್ಪಾಗುವುದು, ತಡೆಯಲಾಗದ ನೋವು, ಎದೆಯ ಗಾಯದಲ್ಲಿ ಮೂಳೆ ಅಲುಗಾಡಿದಂತಾಗುವುದು, ಇವುಗಳಲ್ಲಿ ಯಾವುದಿದ್ದರೂ ಮೇಲೆ ಬರೆದ ನಿಧಾನದ ಲೆಕ್ಕ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಮರಾಠಿಯಲ್ಲಿ ಹೇಗೆ ಕೇಳುವುದು ಎಂದು ಕೆಲವರು ಸಂಕೋಚಪಡುತ್ತಾರೆ. ಇಷ್ಟು ಸಾಕು: "ಡಾಕ್ಟರ್, ಪೂ ಎಎಫ್‌ಬಿ ಕಲ್ಚರ್‌ಲಾ ಪಣ್ ಪಾಠವಾಯ್‌ಚಾ ಕಾ?" ಅಂದರೆ, ಕೀವನ್ನು ಎಎಫ್‌ಬಿ ಕಲ್ಚರಿಗೂ ಕಳಿಸಬೇಕಾ? ಬೇಡ ಎಂದರೆ ಯಾಕೆ ಎಂದು ಕೇಳಿ. ಅಸಿಟ್ರೋಮ್ ತಿನ್ನುವವರು ಯಾರೇ ಯಾವುದೇ ಹೊಸ ಆಂಟಿಬಯೋಟಿಕ್ ಬರೆದರೂ ಆ ಚೀಟಿಯ ಫೋಟೋವನ್ನು ನಿಮ್ಮ ಹೃದಯದ ಡಾಕ್ಟರಿಗೆ ಅದೇ ದಿನ ಕಳಿಸಿ, ಮೂರು ನಾಲ್ಕು ದಿನದಲ್ಲಿ ಐಎನ್‌ಆರ್ ಮಾಡಿಸಿ.